ನಿರೂಪಕರ ಪರೀಕ್ಷೆ

ಜುಲೈ ೯, ಬುಧವಾರ

ಕಾಯಿಲೆಯಿಂದ ಎದ್ದ ಮನುಷ್ಯನನ್ನು ಬೈಯಬಾರದು ಎಂದು ಡಾಕ್ಟರು ಹೇಳಿದ್ದಾರೆ. ಬರೆಯಬಾರದು ಎಂದು ಹೇಳಿಲ್ಲ. ಅದಕ್ಕೇ ಈ ದಿನಚರಿ.

ಇವತ್ತು ನಮ್ಮ ಯಜಮಾನ ಸಾಹೇಬರಿಗೆ ಪರೀಕ್ಷೆ ಇತ್ತು. ಮನೆಯಲ್ಲೇ ಕೂತು, ಕಂಪ್ಯೂಟರಿನಲ್ಲಿ. ಮೇ ತಿಂಗಳಿಡೀ ನ್ಯುಮೋನಿಯಾ ಆಗಿ ಹುಬ್ಬಳ್ಳಿಯ ಆಸ್ಪತ್ರೆಯ ಐಸಿಯುದಲ್ಲಿ ಮಲಗಿದ್ದರಲ್ಲ, ಬಾಯಿಗೆ ಕೊಳವೆ ಹಾಕಿಸಿಕೊಂಡು, ಯಂತ್ರದ ಉಸಿರಿನಲ್ಲಿ. ಹಾಗೆ ಹೋಗಿ ಬದುಕಿ ಬಂದವರ ಮಿದುಳು ಮೊದಲಿನಂತೆ ನಡೆಯುತ್ತದೋ ಇಲ್ಲವೋ ಎಂದು ನೋಡುವ ಪರೀಕ್ಷೆಯಂತೆ. ಮಗಳು ವಾಣಿಶ್ರೀ ಹುಬ್ಬಳ್ಳಿಯಿಂದ ಬಂದು ಲ್ಯಾಪ್‌ಟಾಪ್ ಇಟ್ಟು, ಎಲ್ಲ ಜೋಡಿಸಿಕೊಟ್ಟು ಹೋಗಿದ್ದಾಳೆ. ಅದನ್ನು ತೆರೆದರೆ ಪರದೆಯ ಮೇಲೆ ಸುಮಲತಾ ಎಂಬ ಹುಡುಗಿ ಬರುತ್ತಾಳೆ. ಮನಃಶಾಸ್ತ್ರ ಓದಿದವಳು. ನಗುವುದನ್ನೂ ಎಲ್ಲೋ ಓದಿಯೇ ಕಲಿತ ಹಾಗೆ ನಗುತ್ತಾಳೆ. ಅವಳು ಹೋದ ಮೇಲೆ ಯಂತ್ರದ ಹೆಣ್ಣುದನಿಯೊಂದು ಬಂದು, "ದಯವಿಟ್ಟು ಈ ಪದಗಳನ್ನು ಸ್ಮರಣೆಯಲ್ಲಿ ಇರಿಸಿಕೊಳ್ಳಿ" ಅಂತ ಹೇಳಿ ಮರಗಿಡ, ಪಾತ್ರೆಪಡಗ ಎಲ್ಲ ಸಾಲಾಗಿ ಹೇಳುತ್ತದೆ. ಅವನ್ನು ತಿರುಗಿ ಒಪ್ಪಿಸಬೇಕು. ಆಮೇಲೆ ಚಿತ್ರ ಕಂಡರೆ ಗುಂಡಿ ಒತ್ತಬೇಕು. ಅಂಕಿ ಉಲ್ಟಾ ಹೇಳಬೇಕು. ನಾನು ಗಣಿತ ಕಲಿಸುತ್ತಿದ್ದ ಶಾಲೆಯಲ್ಲಿ ಇಂಥ ಪ್ರಶ್ನೆಪತ್ರಿಕೆ ಯಾರಾದರೂ ತೆಗೆದಿದ್ದರೆ ಅವರ ಮುಖಕ್ಕೇ ತಿರುಗಿ ಕೊಡುತ್ತಿದ್ದೆ.

ಆದರೆ ಪರೀಕ್ಷೆಗಿಂತ ಕಳಪೆ ಪರೀಕ್ಷಾರ್ಥಿ. ಬರೀ ಶಂಭುಲಿಂಗ ಎಂದರೆ ಧಾರವಾಡದಲ್ಲಿ ಯಾರಿಗೂ ತಿಳಿಯುವುದಿಲ್ಲ. ನಿರೂಪಕ ಶಂಭುಲಿಂಗ ಎನ್ನಬೇಕು. ಸಹಕಾರಿ ಬ್ಯಾಂಕಿನ ನೌಕರಿ ಹೊಟ್ಟೆಗೆ, ಬದುಕಿದ್ದೆಲ್ಲ ಮೈಕಿಗೆ. ಈ ಊರಲ್ಲಿ ಕಾರ್ಯಕ್ರಮವಿಲ್ಲದ ಸಂಜೆ ಇಲ್ಲ, ಇವರಿಲ್ಲದ ಕಾರ್ಯಕ್ರಮವಿಲ್ಲ. ಕೈಯಲ್ಲಿ ಚೀಟಿ ಹಿಡಿದವರಲ್ಲ. ವೇದಿಕೆ ಮೇಲೆ ಕೂತವರ ಹೆಸರು, ಬಿರುದು, ಅವರಪ್ಪನ ಊರು, ಅವರು ಬರೆದ, ಯಾರೂ ಓದದ ಪುಸ್ತಕಗಳು, ಎಲ್ಲ ಬಾಯಿಪಾಠ. ಹೆಂಡತಿ ಹುಟ್ಟಿದ ತಿಂಗಳು ಯಾವುದೆಂದು ಮಾತ್ರ ಎಂದೂ ನೆನಪಿಗೆ ಬಂದದ್ದಿಲ್ಲ.

ಇಂಥ ಮಹಾಶಯರು ಇವತ್ತು ನಾಲ್ಕಾರು ಪದ ಕೇಳಿದ ಕೂಡಲೇ ಹೆಡ್‌ಫೋನ್ ತೆಗೆದಿಟ್ಟು "ಕಣ್ಣು ಉರೀತಾವ" ಎಂದರು. ಕಿವಿಯಿಂದ ಕೇಳುವ ಪರೀಕ್ಷೆಗೆ ಕಣ್ಣು ಉರಿ. ಸುಮಲತಾ ಬಾಯಿಯವರು ಪಾಪ ಪಾಪ ಎಂದು ಇಪ್ಪತ್ತೆರಡಕ್ಕೆ ಮುಂದೂಡಿದ್ದಾರೆ.

ನನಗೆ ಗೊತ್ತು, ಇದು ಸೋಗು. ಆಸ್ಪತ್ರೆಯಲ್ಲಿ ನರ್ಸುಗಳು ಕೂಸಿನ ಹಾಗೆ ನೋಡಿಕೊಂಡರು, ಅದರ ರುಚಿ ಹತ್ತಿದೆ. ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡು ಹಿತ್ತಲಲ್ಲಿ ಸುಮ್ಮನೆ ನಿಂತಿರುತ್ತಾರೆ. ಪೇಪರಿನ ಒಂದೇ ಪುಟ ಹಿಡಿದು ಇಡೀ ಮುಂಜಾನೆ ಕೂಡುತ್ತಾರೆ. ಚಹಾ ಕುಡಿದು, ಚಹಾ ಆಯ್ತೇನು ಎಂದು ಕೇಳುತ್ತಾರೆ. ಕೆಲಸ ತಪ್ಪಿಸಿಕೊಳ್ಳುವ ಹುಡುಗಿಯರನ್ನು ನಾನು ಜೀವಮಾನವಿಡೀ ನೋಡಿದ್ದೇನೆ.

ಜುಲೈ ೧೪, ಸೋಮವಾರ

ಮುಗದದಿಂದ ನಾದಿನಿ ಚನ್ನಬಸವ್ವ ಬಂದಿದ್ದಳು. ಬೆಣ್ಣೆ ತಂದಿದ್ದಳು, ಬೆಣ್ಣೆಗಿಂತ ಹೆಚ್ಚು ಮಾತು ತಂದಿದ್ದಳು. ಅಣ್ಣನಿಗೆ ಯಾರದೋ ದೃಷ್ಟಿಯಾಗಿದೆಯಂತೆ. ಈ ಮನುಷ್ಯನ ಮೇಲೆ ದೃಷ್ಟಿ ಹಾಕುವಷ್ಟು ಪುರುಸೊತ್ತು ಧಾರವಾಡದಲ್ಲಿ ಯಾರಿಗಿದೆ?

ಆಮೇಲೆ ಅವಳು ಮೊಮ್ಮಗನ ಫೋಟೋ ತೋರಿಸಿದಳು. ಸಾಹೇಬರು ಫೋಟೋ ಹಿಡಿದು, ಯಾರು ಈ ಕೂಸು, ಛಲೋ ಐತಿ ಎಂದರು. ಅದರ ತೊಟ್ಟಿಲ ಕಾರ್ಯಕ್ರಮಕ್ಕೆ ಮೈಕು ಹಿಡಿದವರು ಇವರೇ. ಹೆಸರು ಹುಡುಕಿಕೊಟ್ಟವರೂ ಇವರೇ. ಚನ್ನಬಸವ್ವನ ಮುಖ ಸಣ್ಣದಾಯಿತು. ಅಡಿಗೆಮನೆಗೆ ಬಂದು, "ವೈನಿ, ಅಣ್ಣ ನಾಟಕ ಮಾಡಾಕತ್ತಾನ ನೋಡ್ರಿ. ಕುಂತ ಉಣ್ಣೂದು ರುಚಿ ಹತ್ತೇತಿ" ಎಂದಳು. ಮದುವೆಯಾದಾಗಿನಿಂದ ಈ ನಾದಿನಿಯ ಒಂದು ಮಾತನ್ನೂ ಒಪ್ಪಿದವಳಲ್ಲ. ಇವತ್ತು ಒಪ್ಪಿದೆ.

ಅವಳು ಹೋದ ಮೇಲೆ ಸಾಹೇಬರು ಬಾಗಿಲಲ್ಲೇ ನಿಂತಿದ್ದರು. "ಚನ್ನಿ ಸಿಟ್ಟಾಗಿ ಹೋದಳೇನು? ನಾ ಏನಂದೆ?" ಎಂದು ಕೇಳಿದರು. ನಾಟಕ ನೋಡುವವರು ನಟರೊಡನೆ ಮಾತಾಡಬಾರದು.

ಜುಲೈ ೧೭, ಗುರುವಾರ

ಬಸವಕಿರಣ ಬಂದಿದ್ದ. ಸಾಂಸ್ಕೃತಿಕ ಸಂಘದ ಕಾರ್ಯದರ್ಶಿ. ಸಂಸ್ಕೃತಿಗೂ ಅವನಿಗೂ ಇರುವ ಸಂಬಂಧ ಹಾರ, ಶಾಲು, ಫೋಟೋ. ಸಂಘದ ಸುವರ್ಣ ಮಹೋತ್ಸವ ಆಗಸ್ಟ್ ಇಪ್ಪತ್ನಾಲ್ಕಕ್ಕಂತೆ. "ಸರ್ ಬಿಟ್ರ ಯಾರ ಅದಾರ್ರಿ?" ಎನ್ನುತ್ತ ಕೂತ. ಕೂತವನ ಕಣ್ಣು ಮಾತ್ರ ಸಾಹೇಬರ ಕೈ ನಡುಗುತ್ತದೋ, ಚಹಾದ ಕಪ್ಪುಬಸಿ ಅಲ್ಲಾಡುತ್ತದೋ ಎಂದು ನೋಡುತ್ತಲೇ ಇತ್ತು. ಹಾಗೇ ಮಾತಿನ ನಡುವೆ ಶಶಿಕುಮಾರನ ಹೆಸರು ತೂರಿಸಿದ. ಯಾವನೋ ಎಳೆಯ, ಮೊಬೈಲ್ ನೋಡಿಕೊಂಡು ನಿರೂಪಣೆ ಮಾಡುವವನು, ‘ವೇದಿಕೆ’ ಎನ್ನುವುದನ್ನೂ ಮೊಬೈಲಿನಲ್ಲಿ ಓದಿ ಹೇಳುವವನು. ಸರ್‌ಗೆ ತ್ರಾಸ ಆಗೂದಿದ್ರ ಅವನನ್ನ ತಯಾರ ಇಟ್ಟಿರತೇನಿ ಎಂದ.

ಸಾಹೇಬರು ಕುರ್ಚಿಯಲ್ಲಿ ನೆಟ್ಟಗಾದರು. ನಾನೇ ಮಾಡ್ತೇನಿ ಎಂದರು. ಬಸವಕಿರಣ ನನ್ನ ಕಡೆ ತಿರುಗಿ ಡಾಕ್ಟರು ಏನಂತಾರ್ರಿ ಅಕ್ಕಾರ ಎಂದು ಕೇಳಿದ. ಗಂಡ ಎದುರಿಗೆ ಕೂತಿರುವಾಗ ಹೆಂಡತಿಯನ್ನು ಕೇಳುವುದು, ಎತ್ತು ಕೊಳ್ಳಲು ಬಂದವನು ಎತ್ತಿನ ಒಡೆಯನನ್ನು ಕೇಳುವ ಹಾಗೆ. ನನಗೆ ಮೈಯೆಲ್ಲ ಉರಿಯಿತು. "ಇಪ್ಪತ್ತೆರಡಕ್ಕ ಪರೀಕ್ಷಾ ಐತಿ. ಅದರಾಗ ಪಾಸ್ ಆದದ್ದು ನಿಮಗ ಹೇಳಿ ಕಳಸ್ತೇನಿ" ಎಂದುಬಿಟ್ಟೆ.

ಯಾಕೆ ಹಾಗೆಂದೆನೋ. ಆ ಶಾಲುಗಳ ವ್ಯಾಪಾರಿಗೆ ಉತ್ತರ ಕೊಡಬೇಕಿತ್ತು, ಅಷ್ಟೆ.

ಜುಲೈ ೨೨, ಮಂಗಳವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಪರದೆಗೆ ಸುಮಲತಾ ಬಂದಳು. ಖೋಲಿಯಲ್ಲಿ ಸರ್ ಒಬ್ಬರೇ ಇರಬೇಕು ಮೇಡಂ, ಯಾರೂ ಸಹಾಯ ಮಾಡಬಾರದು ಎಂದಳು. ನಾನು ಹೂಂ ಎಂದು ಎದ್ದು ಬಾಗಿಲು ಸಪ್ಪಳ ಮಾಡಿ ಹಾಕಿದೆ. ಒಳಗಿನಿಂದ. ಆಮೇಲೆ ಲ್ಯಾಪ್‌ಟಾಪಿನ ಬೆನ್ನ ಹಿಂದೆ, ಅದರ ಕಣ್ಣಿಗೆ ಬೀಳದ ಕಡೆ ನಿಂತೆ. ಕಂಪಾಸ್ ಪೆಟ್ಟಿಗೆಯಲ್ಲಿ ಚೀಟಿ ಇಟ್ಟ ಹುಡುಗಿಯರನ್ನು ಪರೀಕ್ಷೆಯಿಂದ ಎಬ್ಬಿಸಿ ಕಳಿಸಿದ ಗಣಿತದ ಶಿಕ್ಷಕಿ ನಾನು. ಸುಮ್ಮನೆ ನೋಡುತ್ತ ನಿಲ್ಲುವುದು, ಸೋಗು ಎಲ್ಲಿ ಶುರುವಾಗುತ್ತದೆ ಎಂದು ಹಿಡಿಯುವುದು ನನ್ನ ಉದ್ದೇಶ.

ಹೆಡ್‌ಫೋನ್ ಬ್ಯಾಡ ಎಂದರು ಇವರು. ಹೆಣ್ಣುದನಿ ಪದಗಳನ್ನು ಹೇಳಿತು. ನಿಂಬೆಹಣ್ಣು, ಚಕ್ಕಡಿ, ಕನ್ನಡಿ, ಬೀಗ, ಮೀನು, ಇನ್ನೂ ಏನೇನೋ. ಹೇಳಿ ಮುಗಿಸಿ ಸುಮ್ಮನಾಯಿತು. ಈಗ ಇವರು ಹೇಳಬೇಕು.

ಇವರು ಬಾಯಿ ತೆರೆದರು. ಏನೂ ಬರಲಿಲ್ಲ. ಬಾಯಿ ಹಾಗೇ ತೆರೆದೇ ಇತ್ತು. ಆಮೇಲೆ ತಲೆ ಎತ್ತಿ ನನ್ನ ಕಡೆ ನೋಡಿದರು.

ನಾನು ನಿಂಬೆಹಣ್ಣು ಹಿಂಡಿದೆ. ಗಾಳಿಯಲ್ಲಿ, ಎರಡೂ ಕೈಯಿಂದ. "ನಿಂಬೆಹಣ್ಣು" ಎಂದರು. ಹಗ್ಗ ಹಿಡಿದು ಎತ್ತು ಹೊಡೆದೆ. "ಚಕ್ಕಡಿ." ಕನ್ನಡಿ ಹಿಡಿದು ತಲೆ ಬಾಚಿಕೊಂಡೆ, ಬೀಗ ಹಾಕಿದೆ. ಮೀನಿಗೆ ಬಂದಾಗ ಏನು ಮಾಡಬೇಕೋ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ಮೀನಿನ ಅಂಗಡಿಯ ಓಣಿಯಲ್ಲೂ ನಡೆಯದವಳು, ಎರಡು ಅಂಗೈ ಜೋಡಿಸಿ, ಸೊಂಟ ತಿರುವಿ, ನಡುಮನೆಯಲ್ಲಿ ಈಜಿದೆ. "ಮೀನು" ಎಂದರು. ಗುಂಡಿ ಒತ್ತುವ ಪರೀಕ್ಷೆ ಬಂದಾಗ ಬದಿಗೆ ಹೋಗಿ ಕೂತು ಮೇಜಿನ ಕೆಳಗೆ ಇವರ ಕಾಲು ಒತ್ತಿದೆ. ಅಂಕಿಗಳನ್ನು ಬೆರಳಲ್ಲಿ ತೋರಿಸಿದೆ.

ಮುಗಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಜೋಳದ ಹಿಟ್ಟು ನಾದಲು ಒಳಗೆ ಹೋದೆ.

ಅರ್ಥವಿಲ್ಲದ ಪರೀಕ್ಷೆಗೆ ಅರ್ಥವಿಲ್ಲದ ಉತ್ತರ. ಇದರಲ್ಲಿ ಪಾಪಪುಣ್ಯ ಏನೂ ಇಲ್ಲ. ಆ ಹುಡುಗಿ ಮತ್ತೊಮ್ಮೆ ಪಾಪ ಪಾಪ ಎನ್ನುವುದನ್ನು ಕೇಳಲು ನನಗೆ ಮನಸ್ಸಿರಲಿಲ್ಲ.

ಜುಲೈ ೨೫, ಶುಕ್ರವಾರ

ಫಲಿತಾಂಶ ಬಂತು. ವಯಸ್ಸಿಗೆ ತಕ್ಕ ಹಾಗೆ ಎಲ್ಲ ಛಲೋ ಇದೆಯಂತೆ. ಸುಮಲತಾ ಖುಷಿಯಿಂದ ಫೋನ್ ಮಾಡಿ, ಸರ್‌ಗೆ ತರಬೇತಿ ಏನೂ ಬೇಕಾಗಿಲ್ಲ ಮೇಡಂ, ಅಂಕ ಕಡಿಮೆ ಬಂದವರಿಗೆ ಮಾತ್ರ ವಾರವಾರ ಇರುತ್ತದೆ ಎಂದಳು. ಇಷ್ಟು ಸುಲಭವಾಗಿ ಮೋಸ ಹೋಗುವವರು ಜನರ ಮಿದುಳು ನೋಡುತ್ತಾರೆ. ಬಸವಕಿರಣನಿಗೆ ಕೂಡಲೇ ತಿಳಿಸಿದೆ.

ಸಂಜೆ ಶಹಜಹಾನಬೇಗಂ ಫೋನ್ ಮಾಡಿದಳು. ಐಸಿಯು ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಕೂತಿರುತ್ತಿದ್ದವಳು. ಅವಳ ಗಂಡ ಗೌಸಮೊದ್ದೀನ ಹಳೇ ಹುಬ್ಬಳ್ಳಿಯಲ್ಲಿ ಬೈಕ್ ಮೆಕ್ಯಾನಿಕ್. ಇವರ ಮಗ್ಗುಲ ಹಾಸಿಗೆಯಲ್ಲಿದ್ದವನು. ಅವನು ಅದೇ ಪರೀಕ್ಷೆಯಲ್ಲಿ ನೆಲ ಕಚ್ಚಿದ್ದಾನಂತೆ. ಅದನ್ನು ಅವಳು ನಾಚಿಕೆ ಬಿಟ್ಟು ಹೇಳಿದಳು. ಈಗ ಗಂಡನನ್ನು ವಾರಕ್ಕೆರಡು ಸಲ ಕಂಪ್ಯೂಟರ್ ಮುಂದೆ ಕೂಡಿಸುತ್ತಾರಂತೆ, ಒಂದು ಕೆಲಸ ಮುಗಿಯುವ ತನಕ ಇನ್ನೊಂದಕ್ಕೆ ಕೈ ಹಾಕದೆ ಇರುವುದನ್ನು ಕಲಿಸುತ್ತಾರಂತೆ. ನಮ್ಮವರು ಪಾಸಾದರು ಎಂದೆ. ಭಾಳ ಛಲೋ ಆತ್ರಿ ಅಕ್ಕಾರ ಎಂದಳು. ಅವಳ ದನಿಯಲ್ಲಿ ಹೊಟ್ಟೆಕಿಚ್ಚು ಹುಡುಕಿದೆ, ಸಿಗಲಿಲ್ಲ. ಕೆಲವರಿಗೆ ಅದೂ ಬರುವುದಿಲ್ಲ.

ಸಾಹೇಬರಿಗೂ ಫಲಿತಾಂಶ ಹೇಳಿದೆ. "ಹಂಗಾದ್ರ ನನಗೇನೂ ಆಗಿಲ್ಲಂತ?" ಎಂದರು. ಏನೂ ಆಗಿಲ್ಲ ಎಂದೆ. ಪಾಸಾದ ಮನುಷ್ಯನ ಮುಖ ಹಾಗಿರುವುದಿಲ್ಲ. ಇವರಿಗೆ ಯಾವಾಗಲೂ ಚಪ್ಪಾಳೆ ಬೇಕು, ಅದು ಬೀಳಲಿಲ್ಲ ಎಂದು ಕಾಣುತ್ತದೆ.

ಆಗಸ್ಟ್ ೬, ಬುಧವಾರ

ಶ್ರಾವಣದ ಜಿಟಿಜಿಟಿ ಮಳೆ. ಸಾಹೇಬರು ಮುಂಜಾನೆ ಎದ್ದು, ಹಿತ್ತಲ ಬಾಗಿಲಲ್ಲಿ ನಿಂತು, ಮಹೋತ್ಸವದ ತಾಲೀಮೆಂದು, ಕರಿಬೇವಿನ ಗಿಡಕ್ಕೆ ಸ್ವಾಗತ ಕೋರುತ್ತಾರೆ. ದನಿ ಮಾತ್ರ ಇನ್ನೂ ಅದೇ. ಕೊಳವೆ ಹಾಕಿ ತೆಗೆದ ಗಂಟಲು ಎಂದು ಯಾರೂ ಹೇಳುವುದಿಲ್ಲ. ಆದರೆ ಮೂರನೆಯವರು ಐದನೆಯವರಾಗುತ್ತಾರೆ, ಸ್ವಾಗತ ಮುಗಿಯುವ ಮೊದಲೇ ವಂದನಾರ್ಪಣೆ ಬಂದುಬಿಡುತ್ತದೆ. ನಾನು ಒಲೆ ಮುಂದೆ ನಿಂತೇ ತಿದ್ದುತ್ತೇನೆ. ಕೇಳಿ ಕೇಳಿ ನನಗೇ ಎಲ್ಲ ಬಾಯಿಪಾಠ ಆಗಿದೆ. ಆ ಮುದುಕರ ಬಿರುದುಗಳನ್ನು ಒಗ್ಗರಣೆ ಹಾಕುವಾಗ ಹೇಳಿಕೊಳ್ಳುತ್ತಿರುತ್ತೇನೆ. ಥೂ.

ಚೀಟಿ ಬರೆದುಕೊಡುತ್ತೇನೆ, ಹಿಡಿದುಕೊಳ್ಳಿ ಎಂದೆ. ಚೀಟಿ ಹಿಡಿದ ನಿರೂಪಕನೂ, ಗರಡಿಗೆ ಕೋಲೂರಿಕೊಂಡು ಬಂದ ಪೈಲ್ವಾನನೂ ಒಂದೇ ಎಂದರು. ಹಟ ಮಾತ್ರ ಐಸಿಯುದಲ್ಲೂ ಕಡಿಮೆಯಾಗಲಿಲ್ಲ. ಅಲ್ಲಿ ಜ್ವರದ ಭ್ರಮೆಯಲ್ಲಿ ಬಾಯೊಳಗಿನ ಕೊಳವೆಯನ್ನು ಎಳೆದು ತೆಗೆಯಲು ಹೋಗಿದ್ದರು, ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಯಾರೋ ಮೈಕು ಬಾಯಿಗೆ ತುರುಕಿ ಮಾತಾಡು ಎನ್ನುತ್ತಿದ್ದರಂತೆ. ಅದನ್ನು ಇವತ್ತು ಮೊದಲ ಸಲ ಹೇಳಿದರು, ಗಿಡದ ಕಡೆ ಮುಖ ಮಾಡಿ. ನಾನು ಒಗ್ಗರಣೆ ಸೀದದ್ದನ್ನು ನೋಡಲಿಲ್ಲ.

ಆಗಸ್ಟ್ ೧೧, ಸೋಮವಾರ

ಇವತ್ತು ತಲೆ ಸಿಡಿದುಹೋಗುವಷ್ಟು ಸಿಟ್ಟು.

ಜೋಳ ಬೀಸಿಸಿಕೊಂಡು ಬರಲು ಗಿರಣಿಗೆ ಕಳಿಸಿದ್ದೆ. ಗಿರಣಿ ಇರುವುದು ನಮ್ಮ ಮಾಳಮಡ್ಡಿಯಲ್ಲೇ, ಎರಡು ತಿರುವು ದಾಟಿದರೆ. ಮಧ್ಯಾಹ್ನವಾದರೂ ಬರಲಿಲ್ಲ. ಹುಡುಕಿಕೊಂಡು ಹೋದರೆ ಹಿಟ್ಟಿನ ಡಬ್ಬಿ ಗಿರಣಿಯಲ್ಲಿದೆ, ಸಾಹೇಬರು ಇಲ್ಲ. ರೈಲ್ವೆ ಸ್ಟೇಷನ್ ರಸ್ತೆಯ ಮೂಲೆಯಲ್ಲಿ ಮಳೆಯಲ್ಲಿ ನಿಂತಿದ್ದರು. ಕೊಡೆ ಮಡಚಿ ಕೈಯಲ್ಲಿತ್ತು. ಅಂಗಿಚೊಣ್ಣದ ಹುಡುಗನಿದ್ದಾಗಿನಿಂದ ಈ ಓಣಿಯಲ್ಲಿ ಓಡಾಡಿದವರು.

ಮನಿ ಯಾವ ಕಡೆ ಎಂದು ಒಮ್ಮೆಲೇ ತಿಳೀದಂಗಾತು ಎಂದರು.

ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ಹಿಟ್ಟಿನ ಡಬ್ಬಿ ಸೊಂಟಕ್ಕಿಟ್ಟುಕೊಂಡು ಅಲ್ಲೇ, ಮಳೆಯಲ್ಲೇ, ಹೇಳಿದೆ. "ಪರೀಕ್ಷಾದಾಗ ಪಾಸ್ ಆಗೀರಿ. ಏನೂ ಆಗಿಲ್ಲ ಅಂತ ಬರದು ಕೊಟ್ಟಾರ. ಇನ್ನ ಈ ಸೋಗು ಬಿಡ್ರಿ."

ಇವರು ನನ್ನನ್ನು ನೋಡಿದರು. ದಾರಿಯುದ್ದಕ್ಕೂ ನನ್ನ ಹಿಂದೆ ನಡೆದು ಬಂದರು, ನನ್ನ ಕಾಲು ನೋಡಿಕೊಂಡು.

ಆಗಸ್ಟ್ ೧೩, ಬುಧವಾರ

ರೊಟ್ಟಿ ಬಡಿದೆ. ಉಂಡರು.

ಆಗಸ್ಟ್ ೨೪, ಭಾನುವಾರ

ಈಗಷ್ಟೇ ಬಂದೆವು. ಸೀರೆಯನ್ನೂ ಬದಲಿಸಿಲ್ಲ.

ಸಭಾಗೃಹ ತುಂಬಿತ್ತು. ಧಾರವಾಡದವರಿಗೆ ಕುರ್ಚಿ, ಉಪ್ಪಿಟ್ಟು, ಸನ್ಮಾನ ಮೂರೂ ಇದ್ದರೆ ಮಳೆ ಲೆಕ್ಕಕ್ಕಿಲ್ಲ. ನಾನು ಹೆಂಗಸರ ಸಾಲಿನಲ್ಲಿ ಮುಂದೆಯೇ ಕೂತೆ. ಇವರು ಬಿಳಿ ಜುಬ್ಬಾ ಹಾಕಿದ್ದರು; ತೂಕ ಇಳಿದು ಹೆಗಲು ಜೋತು ಬಿದ್ದಿತ್ತು, ನಿನ್ನೆ ಕೂತು ಹಿಡಿದು ಹೊಲಿದಿದ್ದೆ. ಮೈಕಿನ ಮುಂದೆ ನಿಂತು ನಮಸ್ಕಾರ ಎಂದದ್ದೇ ತಡ, ಇಡೀ ಸಭೆ ಸುಮ್ಮನಾಯಿತು. ಆ ದನಿಗೆ ಆ ಶಕ್ತಿ ಇದೆ, ಇಲ್ಲ ಎನ್ನಲಾರೆ. ಪ್ರಾರ್ಥನೆ ಆಯಿತು. ದೀಪ ಹಚ್ಚಿದರು. ನನ್ನ ತುಟಿ ಇವರ ಜೊತೆಗೇ ಅಲ್ಲಾಡುತ್ತಿತ್ತು.

ಸ್ವಾಗತದಲ್ಲಿ ನಾಲ್ಕನೆಯವರು ಹತ್ತಿಯ ವ್ಯಾಪಾರಿ ಸಿದ್ದಲಿಂಗಪ್ಪನವರು. ಸಂಘದ ಕಟ್ಟಡಕ್ಕೆ ಜಾಗ ಕೊಟ್ಟವರು. ಜಾಗ ಕೊಟ್ಟದ್ದನ್ನು ಊರು ಮರೆಯದ ಹಾಗೆ ನೋಡಿಕೊಂಡವರು. ಅವರ ಅಣ್ಣ ಹೋದ ವರ್ಷ ತೀರಿಕೊಂಡರು. ಇವರು ಅವರ ಕಡೆ ಕೈ ಚಾಚಿದರು, ನಿಂತರು. ಎಲ್ಲರೂ ಅದನ್ನು ನಾಟಕೀಯ ವಿರಾಮ ಎಂದುಕೊಂಡರು. ನನಗೆ ಮಾತ್ರ ಅದು ಏನೆಂದು ಗೊತ್ತು. ಅದೇ ತೆರೆದ ಬಾಯಿ.

ಆಮೇಲೆ ಆ ಗಂಭೀರ ದನಿಯಲ್ಲಿ ಹೇಳಿದರು: "ಲಿಂಗೈಕ್ಯ ಸಿದ್ದಲಿಂಗಪ್ಪನವರಿಗೆ ಹಾರ್ದಿಕ ಸ್ವಾಗತ."

ಸಿದ್ದಲಿಂಗಪ್ಪನವರು ಹಾರಕ್ಕೆ ಕೊರಳು ಚಾಚಿದವರು ಹಾಗೇ ಉಳಿದರು. ಮೊದಲು ಯಾರೋ ಒಬ್ಬರು ನಕ್ಕರು. ಆಮೇಲೆ ಇಡೀ ಸಭಾಗೃಹ. ಇವರಿಗೆ ಯಾಕೆ ನಗುತ್ತಾರೆಂದು ತಿಳಿಯಲಿಲ್ಲ. ತಾವೂ ಸ್ವಲ್ಪ ನಕ್ಕರು. ನಕ್ಕು, ಈಗ ಪ್ರಾರ್ಥನೆ ಎಂದು, ಹಾಡಿ ಮುಗಿಸಿ ಕೂತಿದ್ದ ಹುಡುಗಿಯರನ್ನು ಮತ್ತೆ ವೇದಿಕೆಗೆ ಕರೆದರು.

ಬಸವಕಿರಣ ಬಂದು ಹಲ್ಲು ಕಿರಿಯುತ್ತ ಮೈಕು ತೆಗೆದುಕೊಂಡ. ಶಶಿಕುಮಾರ ಮೊಬೈಲ್ ಹಿಡಿದು ಪಕ್ಕದ ಬಾಗಿಲಿನಿಂದ ಬಂದ. ತಯಾರಾಗಿಯೇ ಇದ್ದ, ಜರಿಪಂಚೆ ಉಟ್ಟುಕೊಂಡು. ಇವರ ಕೈ ಮಾತ್ರ ಇನ್ನೂ ಮೈಕು ಹಿಡಿದ ಹಾಗೇ ಎದೆಯ ಮುಂದೆ ಇತ್ತು.

ನಾನು ಯಾವಾಗ ಎದ್ದೆನೋ. ಮೆಟ್ಟಿಲು ಹತ್ತಿ ಹೋಗಿ ಆ ಕೈ ಹಿಡಿದು ಇಳಿಸಿದೆ. ಕೆಳಗೆ ಕರೆತರುವಾಗ, ನನ್ನ ಹಿಂದಿನ ಸಾಲಲ್ಲಿ ಕೂತಿದ್ದ ಒಬ್ಬಾಕೆ, ತಲಿ ಕೆಟ್ಟೈತಿ ಪಾಪ ಎಂದಳು. ನಾನು ನಿಂತು, ಸಭೆಗೆಲ್ಲ ಕೇಳುವ ಹಾಗೆ ಹೇಳಿದೆ. "ಇವರು ಸಾವಿನ ಮನೀಗೆ ಹೋಗಿ ಬಂದಾರ. ನೀವು ಉಪ್ಪಿಟ್ಟು ತಿನ್ನಾಕ ಬಂದೀರಿ."

ಬಸವಕಿರಣ ಹಣ್ಣಿನ ಬುಟ್ಟಿ ಹಿಡಿದುಕೊಂಡು ಬಾಗಿಲ ತನಕ ಬಂದ. ನೀವ ಪಾಸ್ ಅಂದಿದ್ರಿ ಅಕ್ಕಾರ ಎಂದ. ಬುಟ್ಟಿಯನ್ನು ಅಲ್ಲೇ ಚಪ್ಪಲಿಗಳ ನಡುವೆ ಇಟ್ಟು ಆಟೋ ಹತ್ತಿದೆವು.

ಆಗಸ್ಟ್ ೨೫, ಸೋಮವಾರ

ಮುಂಜಾನೆ ಚಹಾ ಕುಡಿಯುವಾಗ ಇವರೇ ಮಾತು ತೆಗೆದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

"ದಾಕ್ಷಾಯಿಣಿ, ಒಂದ ಮಾತು ಕೇಳ್ತೇನಿ. ನಾ ಸೋಗು ಮಾಡಾಕತ್ತೇನಿ ಅಂತ ನಿನಗ ಗೊತ್ತಿದ್ದ ಮ್ಯಾಲ, ಅವತ್ತ ಯಾಕ ಮೀನಾಗಿ ತೋರಿಸಿದಿ?"

ನಾನು ಬಸಿ ತೊಳೆಯಲು ಎದ್ದೆ. ಬಸಿಯಲ್ಲಿ ಚಹಾ ಇನ್ನೂ ಇತ್ತು.

ಇವರು ಹೇಳುತ್ತಲೇ ಇದ್ದರು, ನನ್ನ ಬೆನ್ನಿಗೆ. ಆಸ್ಪತ್ರೆಯಿಂದ ಬಂದಾಗಿನಿಂದ ತಲೆಯಲ್ಲಿ ಬೀದಿದೀಪ ಹೋದ ಹಾಗೆ ಆಗುತ್ತದಂತೆ. ಒಂದು ಹೆಸರು ಹಿಡಿಯಲು ಹೋದರೆ ಪಕ್ಕದ್ದು ಆರುತ್ತದಂತೆ. ಎಲ್ಲರೂ ನಾಟಕ ಎಂದಾಗ ತಮಗೂ ಹಾಗೇ ಅನ್ನಿಸಿತಂತೆ: ಇಷ್ಟು ವರ್ಷ ವೇದಿಕೆ ಮೇಲೆ ನಿಂತವನು, ತನಗೇ ಗೊತ್ತಿಲ್ಲದೆ ನಾಟಕ ಮಾಡುತ್ತಿದ್ದೇನೋ ಏನೋ ಎಂದು. ಪರೀಕ್ಷೆಯಾದರೂ ಖರೇ ಏನೆಂದು ಹೇಳೀತು ಎಂದು ಕಾದಿದ್ದರಂತೆ. "ಅದರಾಗೂ ಪಾಸ್ ಮಾಡಿಬಿಟ್ಟಿ" ಎಂದರು.

ಈ ಪ್ರಶ್ನೆಗೆ ಉತ್ತರ ಬರೆಯೋಣವೆಂದು ಬಹಳ ಹೊತ್ತಿನಿಂದ ಕೂತಿದ್ದೇನೆ. ಉತ್ತರ ಗೊತ್ತಿಲ್ಲದೆ ಪುಟ ತುಂಬಿಸುವ ಹುಡುಗಿಯರಿಗೆ ನಾನು ಸೊನ್ನೆ ಕೊಡುತ್ತಿದ್ದೆ.

ಆಗಸ್ಟ್ ೨೬, ಮಂಗಳವಾರ

ಸುಮಲತಾಳಿಗೆ ಫೋನ್ ಮಾಡಿದೆ. ನಿಂಬೆಹಣ್ಣಿನಿಂದ ಮೀನಿನವರೆಗೆ ಎಲ್ಲ ಹೇಳಿದೆ. ಕಾಲು ಒತ್ತಿದ್ದನ್ನೂ ಹೇಳಿದೆ. ಬೈಯಲಿ ಎಂದು ಕಾದೆ. ಆ ಹುಡುಗಿಗೆ ಬೈಯಲೂ ಬರುವುದಿಲ್ಲ. "ಭಾಳ ಮಂದಿ ಹಿಂಗ ಮಾಡ್ತಾರ್ರಿ ಮೇಡಂ. ಮನ್ಯಾಗಿನವರಿಗೆ ನೋಡಾಕ ಆಗೂದಿಲ್ಲ" ಎಂದಳು. ಭಾಳ ಮಂದಿಯಂತೆ! ಮಾಡಿದ ತಪ್ಪಿನಲ್ಲೂ ನಾನು ಎಲ್ಲರ ಹಾಗೆಯೇ ಎಂದು ಕೇಳುವುದು ಹೊಡೆಸಿಕೊಂಡದ್ದಕ್ಕಿಂತ ಹೆಚ್ಚಾಯಿತು.

ಬೇರೆ ಪದಗಳ ಪರೀಕ್ಷೆ ಇಡುತ್ತಾಳಂತೆ. ಈ ಸಲ ನಾನು ಮನೆಯ ಹೊರಗೆ.

ಅವಳ ದನಿ ಅಷ್ಟೇನೂ ಕೆಟ್ಟದ್ದಲ್ಲ. ನಗು ಮಾತ್ರ ತಿದ್ದಬೇಕು.

ಸೆಪ್ಟೆಂಬರ್ ೩, ಬುಧವಾರ

ಇವರನ್ನು ಲ್ಯಾಪ್‌ಟಾಪ್ ಮುಂದೆ ಕೂಡಿಸಿ, ನೀರು ಇಟ್ಟು, ಹೊರಗಿನ ಕಟ್ಟೆ ಮೇಲೆ ಬಂದು ಕೂತೆ. ಬಾಗಿಲು ಹಾಕಿತ್ತು. ಕಿಟಕಿ ಹಾಕಲು ಯಾರೂ ಹೇಳಿರಲಿಲ್ಲ.

ಹೆಣ್ಣುದನಿ ಪದ ಹೇಳಿತು. ನನ್ನ ಕೈ ತಾನಾಗಿ ಏಳುತ್ತಿತ್ತು. ಸೆರಗಿನಲ್ಲಿ ಸುತ್ತಿ ತೊಡೆ ಕೆಳಗೆ ಇಟ್ಟುಕೊಂಡೆ. ಒಳಗೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಒಂದು ಪದ. ಮತ್ತೆ ಸದ್ದಿಲ್ಲ. ಮತ್ತೆ ಅದೇ ಪದ. "ಇಷ್ಟ ಬರ್ತದ, ಮುಂದ ಬರೂದಿಲ್ಲ" ಎಂದರು ಯಂತ್ರಕ್ಕೆ, ಮರ್ಯಾದೆಯಿಂದ. ಓಣಿಯಲ್ಲಿ ಗಣಪತಿ ಕಳಿಸುವವರ ಡೊಳ್ಳು ಶುರುವಾಯಿತು. ಎದ್ದು ಹೋಗಿ, ಒಳಗೆ ಪರೀಕ್ಷೆ ನಡೆದಿದೆ, ಆ ಓಣಿಯಿಂದ ಹೋಗಿ ಎಂದೆ. ದೊಡ್ಡ ಗಂಡಸರು, ಗಣಪತಿಯನ್ನು ಎತ್ತಿಕೊಂಡು ತಿರುಗಿ ಹೋದರು. ಶಾಲೆಯಲ್ಲಿ ಗಳಿಸಿದ ನನ್ನ ಹೆಸರು ಇನ್ನೂ ಅಷ್ಟಾದರೂ ನಡೆಯುತ್ತದೆ.

ಮುಗಿದ ಮೇಲೆ ಸುಮಲತಾ ಪರದೆಗೆ ಬಂದು ಇವರೊಡನೆ ಮಾತಾಡಿದಳು. ಅಂಕ ಬಹಳ ಕಡಿಮೆ ಬಂದಿದೆ ಸರ್ ಎಂದಳು. ಇದು ಹುಚ್ಚಲ್ಲ, ಮೈಗಳ್ಳತನವೂ ಅಲ್ಲ, ಐಸಿಯುದಲ್ಲಿ ಅಷ್ಟು ದಿನ ಯಂತ್ರದ ಮೇಲೆ ಇದ್ದವರಲ್ಲಿ ಎಷ್ಟೋ ಜನಕ್ಕೆ ಹೀಗಾಗುತ್ತದೆ ಎಂದಳು. ಅಭ್ಯಾಸ ಮಾಡಿಸುತ್ತೇವೆ, ಕೆಲವು ತಿರುಗಿ ಬರಬಹುದು, ಎಲ್ಲ ಬರುತ್ತದೆ ಎಂದು ಹೇಳಲಾರೆ ಎಂದಳು. ಸುಳ್ಳು ಹೇಳಲಿಲ್ಲ, ಅದಕ್ಕೆ ಅವಳಿಗೆ ಒಂದು ಅಂಕ.

"ಅಂದ್ರ ನಾ ಬೇಕಂತ ಮಾಡಾಕತ್ತಿಲ್ಲ?" ಎಂದರು ಇವರು.

"ಇಲ್ರಿ ಸರ್."

"ಇನ್ನೊಮ್ಮೆ ಹೇಳ್ರಿ. ಸ್ವಲ್ಪ ಜೋರಾಗಿ ಹೇಳ್ರಿ. ನಮ್ಮ ಮನಿಯವರು ಹೊರಗ ಕಟ್ಟಿ ಮ್ಯಾಲ ಕುಂತಾರ, ಅವರಿಗೆ ಕೇಳಬೇಕು."

ಆ ಹುಡುಗಿ ಜೋರಾಗಿ ಹೇಳಿದಳು. ಕೇಳಿಸಿತು. ಓಣಿಗೆಲ್ಲ ಕೇಳಿಸಿರಬೇಕು. ನನಗೆ ಕಣ್ಣಲ್ಲಿ ಏನೋ ಬಿತ್ತು, ಗಣಪತಿಯವರು ಹಾರಿಸಿದ ಗುಲಾಲು ಇರಬೇಕು.

ಒಳಗೆ ಹೋದಾಗ ಇವರು ಆಗಲೇ ಫೋನ್ ಹಿಡಿದಿದ್ದರು. ಚನ್ನಬಸವ್ವನಿಗೆ ಹೇಳಬೇಕಂತೆ. ಹೆಸರು ಹುಡುಕಿ ಒತ್ತುವುದು ಇವರ ಮರ್ಯಾದೆಗೆ ಕಡಿಮೆ. ನಂಬರುಗಳೆಲ್ಲ ತಲೆಯಲ್ಲೇ ಇರುತ್ತಿದ್ದ ಕಾಲದವರು. ಒಂದೊಂದೇ ಅಂಕಿ ನೆನೆನೆನೆದು ಒತ್ತಿ, ಸ್ಪೀಕರ್ ಹಾಕಿ, ನೆಟ್ಟಗೆ ಎದ್ದು ನಿಂತು, ಸುವರ್ಣ ಮಹೋತ್ಸವದ ದನಿಯಲ್ಲಿ ಶುರುಮಾಡಿದರು. "ಚನ್ನೀ, ನಾ ಅಣ್ಣ. ನಾ ಫೇಲ್ ಆದೆ. ನಾಟಕ ಅಲ್ಲ ಅದು, ಕಂಪ್ಯೂಟರೇ ಹೇಳೇತಿ. ಕೂಸಿನ ಹೆಸರು ಮರತದ್ದಕ್ಕ ಸಿಟ್ಟಾಗಬ್ಯಾಡ."

ಫೇಲಾದ ಸುದ್ದಿಯನ್ನು ಹೀಗೆ ಡಂಗುರ ಸಾರಿದ ಮತ್ತೊಬ್ಬ ವಿದ್ಯಾರ್ಥಿಯನ್ನು ನನ್ನ ಇಡೀ ನೌಕರಿಯಲ್ಲಿ ನೋಡಿಲ್ಲ. ಆಸ್ಪತ್ರೆ, ಯಂತ್ರ, ಕೊಳವೆ, ಎಲ್ಲ ಹೇಳಿದರು. ಆ ಕಡೆ ಯಾರೋ ಮುದುಕಿ. ಚನ್ನಬಸವ್ವ ಅಲ್ಲವೇ ಅಲ್ಲ. ಆ ದನಿ ನಾನು ಎಂದೂ ಕೇಳಿದ್ದಲ್ಲ. ಯಾರೋ, ಎಲ್ಲಿಯವಳೋ, ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದಳು. ಕೊನೆಗೆ, "ಆತ್ ಬಿಡಪಾ ಅಣ್ಣಾ, ಜೀವ ಉಳೀತಲ್ಲ. ಉಂಡು ಮಲಕೋ" ಎಂದು ಇಟ್ಟಳು.

ಇವರು ಫೋನ್ ಕೆಳಗಿಟ್ಟು ಕುರ್ಚಿಯಲ್ಲಿ ಕೂತರು. ಆಸ್ಪತ್ರೆಯಿಂದ ಬಂದ ಮೇಲೆ ಆ ಬೆನ್ನು ಕುರ್ಚಿಗೆ ಒರಗಿದ್ದನ್ನು ಇವತ್ತೇ ಕಂಡೆ.

"ಚನ್ನಿ ಇವತ್ತ ಭಾಳ ಛಲೋ ಮಾತಾಡಿದಳು" ಎಂದರು.

ಹೌದ್ರಿ, ಭಾಳ ಛಲೋ ಮಾತಾಡಿದ್ಲು ಎಂದೆ.